ಗಿಟಾರಿಗೆ ಮರ: ಹೆಸರಿಗಿಂತ ಮೊದಲು ತೂಕ, ಎಳೆ, ತೇವ

ಅಕೌಸ್ಟಿಕ್ ಗಿಟಾರಿನ ದನಿ ಬಹುಪಾಲು ಮೇಲ್ಹಲಗೆಯದು, ಅಂದರೆ ತಂತಿಗಳ ಕೆಳಗಿನ ಮುಂಬದಿಯ ಹಲಗೆಯದು; ಎರಡು ಅರ್ಧಗಳನ್ನು ಜೋಡಿಸಿ ಅದನ್ನು ಮಾಡುತ್ತೇವೆ. ಮರ ಆರಿಸುವಾಗ ನಾನು ಹೆಚ್ಚು ಹೊತ್ತು ಕಳೆಯುವುದೂ ಅದರ ಮೇಲೆಯೇ. ಮೇಲ್ಹಲಗೆಗೆ ಬಳಸುವ ಮೆದು ಮರ ಸಿಟ್ಕಾ ಸ್ಪ್ರೂಸ್; ಆ ಒಂದೇ ಹೆಸರಿನ ಎರಡು ಹಲಗೆಗಳು ತೂಕದಲ್ಲೂ ಬಿಗಿಯಲ್ಲೂ ತೀರಾ ಬೇರೆಯಾಗಿರಬಹುದು. ಅದಕ್ಕೇ ಮೊದಲು ತಕ್ಕಡಿ. 560 × 210 × 4 ಮಿ.ಮೀ.ನ ಅರ್ಧ ಹಲಗೆ 195 ಗ್ರಾಂ ತೂಗಿದರೆ ಸಾಂದ್ರತೆ ಘನ ಮೀಟರಿಗೆ ಸುಮಾರು 415 ಕೆ.ಜಿ. ಸಿಟ್ಕಾಗೆ ಇದು ಒಳ್ಳೆಯ ಅಂಕಿ. ಸೀಡರ್ ಇನ್ನೂ ಹಗುರ, ಉಗುರು ತಾಗಿದರೂ ಗುಳಿ ಬೀಳುವಷ್ಟು ಮೆದು.

ಆಮೇಲೆ ಬಿಗಿ. ಹಲಗೆಯ ಎರಡು ತುದಿಗೆ ಆಸರೆ ಕೊಟ್ಟು, ನಡುವೆ 1 ಕೆ.ಜಿ. ಬಟ್ಟು ಇಟ್ಟು, ಎಷ್ಟು ಬಾಗಿತೆಂದು ಡಯಲ್ ಗೇಜಿನಲ್ಲಿ ನೋಡುತ್ತೇನೆ. ಎಳೆಯ, ಅಂದರೆ ಮರದ ನಾರಿನ, ಉದ್ದಕ್ಕೂ, ಅಡ್ಡಕ್ಕೂ. ಅಡ್ಡ ಬಿಗಿ ನಿಂತಿರುವುದು ದಿಮ್ಮಿಯಿಂದ ಹಲಗೆ ಕೊಯ್ದ ರೀತಿಯ ಮೇಲೆ. ಹಲಗೆಯ ತುದಿಯಲ್ಲಿ ವರ್ಷದ ಗೆರೆಗಳು ಹಲಗೆಯ ಮುಖಕ್ಕೆ ನೆಟ್ಟಗೆ 90 ಡಿಗ್ರಿಯಲ್ಲಿ ನಿಂತಿರಬೇಕು. 45 ಡಿಗ್ರಿಯತ್ತ ವಾಲಿದರೆ ಬಿಗಿ ದೊಡ್ಡ ಪ್ರಮಾಣದಲ್ಲಿ ಕುಸಿಯುತ್ತದೆ. ಗೆರೆಗಳು ಇಂಚಿಗೆ ಎಷ್ಟು ಎಂದು ಎಣಿಸುವ ಗೀಳು ನನಗಿಲ್ಲ. ಅಗಲ ಗೆರೆಯ ಎಷ್ಟೋ ಹಲಗೆಗಳು ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ.

ಎಳೆ ಹಲಗೆಯಿಂದ ಓರೆಯಾಗಿ ಹೊರಬೀಳುತ್ತಿದೆಯೇ ಎಂಬುದು ಕಣ್ಣಿಗೆ ಸುಲಭವಾಗಿ ಕಾಣದು. ಕೊಯ್ದ ತುಂಡಿನ ಅಂಚಿನಿಂದ ಒಂದು ಚೂರನ್ನು ಉಳಿಯಿಂದ ಸೀಳಿ. ಸೀಳು ಹೋದ ದಾರಿಯೇ ಎಳೆಯ ದಾರಿ. ಓರೆ ಹೆಚ್ಚಿದ್ದರೆ ಜೋಡಿಸಿದ ಎರಡು ಅರ್ಧಗಳಲ್ಲಿ ಒಂದು ತಿಳಿಯಾಗಿ, ಇನ್ನೊಂದು ಕಪ್ಪಾಗಿ ಕಾಣುತ್ತದೆ, ಪಾಲಿಶ್ ಹಾಕಿದ ಮೇಲೆ ಇನ್ನೂ ಎದ್ದು ಕಾಣುತ್ತದೆ. ನೋಟವಷ್ಟೇ ಅಲ್ಲ, ತಂತಿಗಳನ್ನು ಕಟ್ಟುವ ಬ್ರಿಡ್ಜ್ ಎಳೆಯುವ ಕಡೆ ಹಲಗೆ ದುರ್ಬಲವೂ ಆಗುತ್ತದೆ.

ಸ್ಪ್ರೂಸನ್ನು ಸಾಮಾನ್ಯವಾಗಿ 2.5ರಿಂದ 3 ಮಿ.ಮೀ.ವರೆಗೆ ತೆಳುವಾಗಿಸುತ್ತೇನೆ, ಸೀಡರನ್ನು ತುಸು ದಪ್ಪ ಬಿಡುತ್ತೇನೆ. ಬಿಗಿ ದಪ್ಪದ ಘನಕ್ಕೆ ತಕ್ಕಂತೆ ಬದಲಾಗುತ್ತದೆ: ದಪ್ಪ ಶೇ. 10 ಇಳಿದರೆ ತೂಕವೂ ಶೇ. 10 ಇಳಿಯುತ್ತದೆ, ಬಿಗಿ ಮಾತ್ರ ಶೇ. 27. ಕೊನೆಯ ಕಾಲು ಮಿಲಿಮೀಟರಿನಲ್ಲಿ ಅವಸರ ಬೇಡ.

ಹಿಂಬದಿಗೂ ಪಕ್ಕಗಳಿಗೂ ಬೀಟೆ ನನ್ನ ಮೆಚ್ಚಿನದು. ಪಕ್ಕಗಳನ್ನು 2 ಮಿ.ಮೀ.ಗೆ ಇಳಿಸಿ ಬಿಸಿ ಕೊಳವೆಯ ಮೇಲೆ ಬಗ್ಗಿಸುತ್ತೇನೆ. ಎಳೆ ಓರೆಯಿದ್ದರೆ ನಡುವಿನ ತಿರುವಿನಲ್ಲೇ ಬಿರಿಯುತ್ತದೆ. ಬ್ರೆಜಿಲ್ ಬೀಟೆ 1992ರಿಂದ ಸೈಟಿಸ್‌ನ (ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಮೊದಲ, ಅಂದರೆ ಅತಿ ಕಟ್ಟುನಿಟ್ಟಿನ, ಅನುಬಂಧದಲ್ಲಿದೆ. 2017ರಲ್ಲಿ ಉಳಿದ ಬೀಟೆ ಜಾತಿಗಳೂ ಎರಡನೇ ಅನುಬಂಧಕ್ಕೆ ಸೇರಿದವು. 2019ರ ಸಡಿಲಿಕೆ ಸಿಕ್ಕಿದ್ದು ಎರಡನೇ ಅನುಬಂಧದ ಮರದಿಂದ ಮಾಡಿದ ಸಿದ್ಧ ವಾದ್ಯಗಳಿಗೆ. ಬರಿಯ ಹಲಗೆ ಗಡಿ ದಾಟಬೇಕಾದರೆ ಕಾಗದಪತ್ರ ಬೇಕೇ ಬೇಕು.

ಗಿಟಾರಿನ ಕತ್ತಿಗೆ (ನೆಕ್) ನೇರ ಎಳೆಯ ಮಹಾಗನಿ ಸಾಕು. ಅದರ ಮೇಲೆ ಬೆರಳೊತ್ತುವ ಪಟ್ಟಿಯಾದ ಫಿಂಗರ್‌ಬೋರ್ಡಿನ ಕರಿಮರದ (ಎಬೊನಿ) ವಿಷಯದಲ್ಲಿ ಮಾತ್ರ ಎಚ್ಚರ: ಅದು ತುಂಬ ನಿಧಾನವಾಗಿ ಒಣಗುತ್ತದೆ. ಶೇ. 45ರ ಆರ್ದ್ರತೆಯ ಕೋಣೆಯಲ್ಲಿಟ್ಟು ವಾರಕ್ಕೊಮ್ಮೆ ತೂಗಿ, ತೂಕ ಇಳಿಯುವುದು ನಿಂತ ಮೇಲೆಯೇ ಕೊಯ್ಯುತ್ತೇನೆ. ಹಸಿಯಿರುವಾಗಲೇ ಅಂಟಿಸಿದರೆ ಮರ ಅಗಲದಲ್ಲಿ ಕುಗ್ಗಿ, ಅದರ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಫ್ರೆಟ್‌ಗಳ ತುದಿಗಳು ಅಂಚಿನಿಂದ ಹೊರಬಂದು ಕೈಗೆ ಚುಚ್ಚುತ್ತವೆ.