ಯೋಧನ ಮನೆಯವರಿಗೆ ಸೂರು ಉಳಿಯಬೇಕಾದರೆ

ಮಂಡ್ಯ ಕಡೆಯ ಎಷ್ಟೋ ಯೋಧರ ಸಂಸಾರಕ್ಕೆ ಮೂರು ಸೂರು. ಯೂನಿಟ್ಟಿನ ಕ್ವಾರ್ಟರ್ಸ್, ಮಕ್ಕಳ ಓದಿಗೆಂದು ಮೈಸೂರಲ್ಲಿ ಹಿಡಿದ ಬಾಡಿಗೆ ಮನೆ, ಊರಲ್ಲಿ ಅತ್ತೆ ಮಾವನ ಮನೆ. ಗಂಡ ತೀರಿಕೊಂಡರೆ, ಇಲ್ಲವೇ ಸಂಸಾರ ಮುರಿದರೆ, ಮೂರೂ ಒಟ್ಟಿಗೆ ಅಲುಗಾಡುತ್ತವೆ.

ಕ್ವಾರ್ಟರ್ಸ್ ಖಾಲಿ ಮಾಡಲು ಆತುರ ಬೇಡ. ಕಾರ್ಯಾಚರಣೆಯಲ್ಲಿ ಮಡಿದವರ ಕುಟುಂಬ ಒಂದು ವರ್ಷ ಅಲ್ಲೇ ಇರಬಹುದು. ಮೊದಲು ಮೂರೇ ತಿಂಗಳಿತ್ತು. ಯೂನಿಟ್ಟಿಗೆ ಬರೆದೇ ಕೊಡಿ, ಬಾಯಿಮಾತು ಸಾಲದು.

ಕಷ್ಟ ಜಾಸ್ತಿ ಇರುವುದು ಊರಿನ ಮನೆಯಲ್ಲಿ. ಹನ್ನೊಂದನೇ ದಿನದ ತಿಥಿ ಮುಗಿಯುವ ಮೊದಲೇ 'ಇಲ್ಲೊಂದು ಸಹಿ ಹಾಕಮ್ಮ' ಎನ್ನುವವರಿರುತ್ತಾರೆ. ದಯವಿಟ್ಟು ಹಾಕಬೇಡಿ. ಅದು ಹಕ್ಕು ಬಿಡುಗಡೆ ಪತ್ರವಾಗಿರಬಹುದು. ವಿಲ್ ಇಲ್ಲದಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಗಂಡನ ಆಸ್ತಿ ಹೆಂಡತಿ, ಮಕ್ಕಳು, ಅವನ ತಾಯಿಗೆ ಸಮಪಾಲು. ಇಬ್ಬರು ಮಕ್ಕಳಿದ್ದರೆ ಒಟ್ಟು ನಾಲ್ಕು ಪಾಲು. ಅತ್ತೆಯ ಪಾಲೂ ನ್ಯಾಯವೇ, ಮಗನನ್ನು ಕಳೆದುಕೊಂಡವರು ಅವರು. ಮರಣ ಪ್ರಮಾಣಪತ್ರ ಪಡೆದು, ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿ, ಆಸ್ತಿ ವಾರಸುದಾರರ ಹೆಸರಿಗೆ ಬರಲು ಪೌತಿ ಖಾತೆಗೆ ಅರ್ಜಿ ಹಾಕಿ.

ಬಾಡಿಗೆ ಕಟ್ಟುವುದು ಫ್ಯಾಮಿಲಿ ಪೆನ್ಷನ್ನಿಂದ ಅಲ್ವಾ? ಅದು ತಡವಾಗುವುದು ಹೆಚ್ಚಾಗಿ ಹೆಸರಿನಿಂದ. ಆಧಾರಿನಲ್ಲಿ ಭಾಗ್ಯಮ್ಮ, ಸೇನೆಯ ದಾಖಲೆಯಲ್ಲಿ ಭಾಗ್ಯ. ಗಂಡ ಸೇವೆಯಲ್ಲಿದ್ದರೆ, ಮದುವೆ ಮತ್ತು ಮಕ್ಕಳ ವಿವರ ಪಾರ್ಟ್ ಟೂ ಆರ್ಡರಿನಲ್ಲಿ (ಯೋಧನ ಮನೆಯ ವಿವರ ಸೇನೆಯಲ್ಲಿ ದಾಖಲಾಗುವ ಆದೇಶ) ಸರಿಯಾಗಿದೆಯೇ ಎಂದು ಮುಂದಿನ ರಜೆಯಲ್ಲೇ ನೋಡಿಕೊಳ್ಳಿ.

ಸಂಸಾರ ಮುರಿದಾಗಿನ ದಾರಿ ಬೇರೆ. ಕೌಟುಂಬಿಕ ದೌರ್ಜನ್ಯ ತಡೆಯುವ 2005ರ ಕಾಯ್ದೆ ಹೆಂಡತಿಗೆ ಬಾಳಿದ ಮನೆಯಲ್ಲೇ ಇರುವ ಹಕ್ಕು ಕೊಡುತ್ತದೆ. ಮನೆ ಮಾವನ ಹೆಸರಲ್ಲಿದ್ದರೂ ಈ ಹಕ್ಕು ಕೇಳಬಹುದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ದೌರ್ಜನ್ಯ ನಡೆದಿದ್ದರೆ ಮ್ಯಾಜಿಸ್ಟ್ರೇಟ್ ಬೇರೆ ಮನೆ ಇಲ್ಲವೇ ಬಾಡಿಗೆ ಕೊಡಿಸಬಹುದು. ಗಂಡ ಖರ್ಚಿಗೆ ಕೊಡದಿದ್ದರೆ ಅವನ ಕಮಾಂಡಿಂಗ್ ಆಫೀಸರಿಗೆ ಬರೆಯಿರಿ. ಸೇನೆ ಸಂಬಳದಿಂದಲೇ ಜೀವನಾಂಶ ಕಡಿತ ಮಾಡಿ ಕೊಡಿಸುವ ವ್ಯವಸ್ಥೆಯಿದೆ. ಒಂದು ಮಾತು ಮರೆಯಬೇಡಿ: ವಿಚ್ಛೇದನವಾದ ಮೇಲೆ ಹೆಂಡತಿಗೆ ಫ್ಯಾಮಿಲಿ ಪೆನ್ಷನ್ ಇಲ್ಲ. ಆದ್ದರಿಂದ ಒಪ್ಪಿಗೆಯ ವಿಚ್ಛೇದನಕ್ಕೆ ಸಹಿ ಹಾಕುವ ಮೊದಲೇ ಮನೆಯ ವಿಷಯ ಬರಹದಲ್ಲಿ ಸೇರಿಸಿ.

ವಕೀಲರ ಫೀಸಿಗೆ ಹೆದರಿ ಸುಮ್ನೆ ಕೂರಬೇಡಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಹೆಂಗಸರಿಗೆ ವಕೀಲರು ಉಚಿತ, ಆದಾಯ ಎಷ್ಟೇ ಇರಲಿ. ಫೋನ್ 15100. ಸೈನಿಕರ ಕುಟುಂಬಕ್ಕೆಂದೇ ಸೈನಿಕ ಮಂಡಳಿಗಳಲ್ಲಿ ಕಾನೂನು ನೆರವು ಕೊಡುವ ವೀರ ಪರಿವಾರ ಸಹಾಯತಾ ಯೋಜನೆ 2025ರ ಜುಲೈ 26ರಂದು ಶುರುವಾಗಿದೆ. ಹೋಗುವಾಗ ಗಂಡನ ಸರ್ವಿಸ್ ನಂಬರ್ ಬರೆದುಕೊಂಡು ಹೋಗಿ. ಬೇರೆ ಕಾಗದ ಕೈಯಲ್ಲಿಲ್ಲದಿದ್ದರೂ ಅದರಿಂದ ದಾಖಲೆ ಹುಡುಕಬಹುದು.