ಪೆಟ್ಟಿಗೆಗೆ ಹಕ್ಕಿ ಬಂದ ಮೇಲೆ ದೂರದಿಂದಲೇ ನೋಡಿ

ಮರಗಳು ಚಿಗುರುವ ಹೊತ್ತಿಗೆ ಹಕ್ಕಿ ಗೂಡು ಕಟ್ಟಲಿ ಅಂತ ಹಿತ್ತಲಿನಲ್ಲಿ ನೇತುಹಾಕಿದ ಪೆಟ್ಟಿಗೆಯ ತೂತಿನಲ್ಲಿ ಹಕ್ಕಿಯೊಂದು ಇಣುಕಿ ಹೋಯಿತು ಅಂದರೆ, ಅವತ್ತಿನಿಂದಲೇ ಆ ಕಡೆ ನಿಮ್ಮ ಓಡಾಟ ಕಡಿಮೆ ಮಾಡಿ. ಗೂಡು ಕಟ್ಟುವ ಮೊದಲ ದಿನಗಳಲ್ಲಿ ಅವು ಬೇಗ ಹೆದರುತ್ತವೆ, ಜಾಗವನ್ನೇ ಬಿಟ್ಟುಬಿಡುತ್ತವೆ. ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು ಒಳಗಿನಿಂದಲೇ ನೋಡಿ.

ಪೆಟ್ಟಿಗೆ ಇನ್ನೂ ಮಾಡಬೇಕು ಅನ್ನುವವರು ಬಣ್ಣ ಬಳಿಯದ ದಪ್ಪ ಹಲಗೆಯನ್ನೇ ಬಳಸಿ. ತಗಡು ಬಿಸಿಲಿಗೆ ಕಾದರೆ ಮರಿಗಳು ಉಳಿಯುವುದಿಲ್ಲ. ಗುಬ್ಬಚ್ಚಿಗೆ 32 ಮಿಲಿಮೀಟರ್ ತೂತು ಸಾಕು, ಅದಕ್ಕಿಂತ ಜಾಸ್ತಿ ದೊಡ್ಡದಾದರೆ ಮೈನಾ ನುಗ್ಗುತ್ತದೆ. ತೂತಿನ ಕೆಳಗೆ ಚೆಂದಕ್ಕೆ ಒಂದು ಕಡ್ಡಿ ಸಿಕ್ಕಿಸುತ್ತಾರಲ್ಲ, ಅದು ಬೇಡವೇ ಬೇಡ. ಒಳಗಿರುವ ಹಕ್ಕಿಗೆ ಅದರ ಅಗತ್ಯವಿಲ್ಲ, ಮೊಟ್ಟೆ ಕದಿಯಲು ಬರುವವರಿಗೆ ಕಾಲೂರಲು ಜಾಗ ಮಾಡಿಕೊಟ್ಟಂತೆ. ನೀರು ಇಳಿದುಹೋಗಲು ತಳದಲ್ಲಿ ನಾಲ್ಕು ಸಣ್ಣ ತೂತು ಇರಲಿ. ಮಧ್ಯಾಹ್ನದ ಬಿಸಿಲು ನೇರ ಬೀಳಬಾರದು, ಬೆಕ್ಕಿಗೂ ಎಟುಕಬಾರದು.

ಗುಬ್ಬಚ್ಚಿ ದಿನಕ್ಕೊಂದರಂತೆ ನಾಲ್ಕೈದು ಮೊಟ್ಟೆ ಇಡುತ್ತದೆ. ಕಾವು ಕೂರುವುದು 11ರಿಂದ 14 ದಿನ. ಆಗ ಹಿತ್ತಲು ಸುಮ್ಮನಿರುತ್ತದೆ, ಹಕ್ಕಿ ಬಿಟ್ಟು ಹೋಯಿತೇನೋ ಅಂತ ಅನಿಸುತ್ತದೆ. ಹೋಗಿರುವುದಿಲ್ಲ, ಕಾಯಿರಿ. ಮೊಟ್ಟೆ ಒಡೆದು ಮರಿ ಬಂದ ಮೇಲೆ ನೋಡಿ ಸಡಗರ! ಅಪ್ಪ ಅಮ್ಮ ಇಬ್ಬರೂ ಕೊಕ್ಕಿನಲ್ಲಿ ಹುಳ ಹಿಡಿದು ಬರುತ್ತಲೇ ಇರುತ್ತಾರೆ, ಹೋಗುವಾಗ ಬಿಳಿ ಚೀಲದಂಥದ್ದೇನೋ ಕಚ್ಚಿಕೊಂಡು ಹೋಗುತ್ತಾರೆ. ಅದು ಮರಿಗಳ ಹಿಕ್ಕೆ, ಗೂಡು ಚೊಕ್ಕಟವಾಗಿರಲಿ ಅಂತ ಹೊರಗೆ ಎಸೆದು ಬರುತ್ತಾರೆ. ದೊಡ್ಡ ಹಕ್ಕಿ ಕಾಳು ತಿಂದರೂ ಮರಿಗೆ ಹುಳವೇ ಬೇಕು. ಹಾಗಾಗಿ ಆ ದಿನಗಳಲ್ಲಿ ಗಿಡಗಳಿಗೆ ಕೀಟನಾಶಕ ಹೊಡೆಯಲೇಬೇಡಿ.

ಒಂದು ಸಲ ನಾನೇ ಆಸೆ ತಡೆಯಲಾರದೆ ಮುಚ್ಚಳ ಎತ್ತಿಬಿಟ್ಟೆ. ಮರಿಗಳಿಗೆ ಆಗ ಸುಮಾರು ಹನ್ನೆರಡು ದಿನ ಆಗಿತ್ತು, ರೆಕ್ಕೆ ಪೂರ್ತಿ ಬಂದಿರಲಿಲ್ಲ, ಬೆದರಿ ಎರಡು ಹೊರಗೆ ಜಿಗಿದವು. ಒಂದನ್ನು ಹಿಡಿದು ಒಳಗಿಟ್ಟೆ, ಇನ್ನೊಂದು ಸಿಗಲೇ ಇಲ್ಲ. ಇವತ್ತಿಗೂ ಅದು ನೆನಪಾದರೆ ಸಂಕಟವಾಗುತ್ತದೆ. ನೀವು ಹಾಗೆ ಮಾಡಬೇಡಿ.

ಸುಮಾರು ಎರಡು ವಾರಕ್ಕೆ ಮರಿಗಳು ಹೊರಬೀಳುತ್ತವೆ. ಪುಕ್ಕ ಬಂದ ಮರಿ ನೆಲದ ಮೇಲೆ ಕುಪ್ಪಳಿಸುತ್ತಿದ್ದರೆ ಅಯ್ಯೋ ಪಾಪ ಅಂತ ಮನೆಯೊಳಗೆ ತರಬೇಡಿ, ಅಪ್ಪ ಅಮ್ಮ ಅಲ್ಲೇ ಸುತ್ತಮುತ್ತ ಇದ್ದು ಇನ್ನೂ ಕೆಲವು ದಿನ ಉಣಿಸುತ್ತವೆ. ಬೆಕ್ಕನ್ನು ಮಾತ್ರ ಒಳಗೆ ಕೂಡಿಹಾಕಿ. ಪುಕ್ಕವಿಲ್ಲದ ಮರಿ ಬಿದ್ದಿದ್ದರೆ ಮೆಲ್ಲಗೆ ಎತ್ತಿ ಗೂಡಿಗೇ ಇಡಿ. ಕೈ ಸೋಕಿದರೆ ತಾಯಿ ಬಿಟ್ಟುಬಿಡುತ್ತದೆ ಅನ್ನುವ ಮಾತು ಸುಳ್ಳು.

ಗುಬ್ಬಚ್ಚಿ ಅದೇ ಗೂಡಿನಲ್ಲಿ ಎರಡು ಮೂರು ಸಲ ಮರಿ ಮಾಡುತ್ತದೆ, ಅದಕ್ಕೇ ಪೆಟ್ಟಿಗೆ ತೊಳೆಯಲು ಅವಸರ ಬೇಡ. ಎಲ್ಲ ಮುಗಿದ ಮೇಲೆ ಹಳೆ ಹುಲ್ಲು ತೆಗೆದು, ಉಣ್ಣಿ, ಚಿಗಟ ಹೋಗುವಂತೆ ಕುದಿಯುವ ನೀರು ಸುರಿದು, ಚೆನ್ನಾಗಿ ಒಣಗಿಸಿ ಮತ್ತೆ ಅಲ್ಲೇ ನೇತುಹಾಕಿ. ಚಳಿಯ ರಾತ್ರಿಗಳಲ್ಲಿ ಮಲಗಲೂ ಬರುತ್ತವೆ.