ಬೆಂದ ಕಡಲೆ: ಪಾವಿಗೆ ಎಷ್ಟು ಗ್ರಾಂ?

ಹೋದ ವರ್ಷ ನವರಾತ್ರಿಯ ಶುಕ್ರವಾರ ಬೊಂಬೆ ನೋಡಲು ನಲವತ್ತು ಜನ ಬರುವವರಿದ್ದರು. ಎರಡು ಕಿಲೋ ಕಡಲೆಕಾಳು ನೆನೆಹಾಕಿದೆ. ಅಂದಾಜು ನಮ್ಮತ್ತೆಯದು, "ಸಾಲಲಿಲ್ಲ ಅನ್ನಿಸಿಕೊಳ್ಳಬಾರದು" ಅನ್ನುವ ಲೆಕ್ಕ. ಎಲ್ಲರಿಗೂ ದೊನ್ನೆ ತುಂಬ ಕೊಟ್ಟ ಮೇಲೂ ಪಾತ್ರೆಯ ತಳದಲ್ಲಿ ಕಿಲೋಗೂ ಮೇಲೆ ಉಸ್ಲಿ ಉಳಿಯಿತು. ಮರುದಿನ ಡಬ್ಬಿ ಹಿಡಿದು ಹೋದರೆ ಎದುರುಮನೆಯವರು ಬಾಗಿಲಲ್ಲೇ, "ಮತ್ತೆ ಕಡಲೆನಾ ಅಕ್ಕ?" ಅಂದರು.

ಹಬ್ಬ ಮುಗಿದದ್ದೇ ತಕ್ಕಡಿ ಹಿಡಿದು ಕೂತೆ. ಮೊದಲು ಮನೆಯ ಪಾವನ್ನೇ ಪರೀಕ್ಷೆ ಮಾಡಿದೆ. ಖಾಲಿ ಪಾವು ಇಟ್ಟು, ತಕ್ಕಡಿ ಸೊನ್ನೆಗೆ ತಂದು, ಅಂಚಿನವರೆಗೆ ನೀರು ತುಂಬಿದೆ: 240 ಗ್ರಾಂ. ನೀರು ಒಂದು ಮಿಲಿಗೆ ಒಂದು ಗ್ರಾಂ, ಹಾಗಾಗಿ ನಮ್ಮ ಪಾವು 240 ಮಿಲಿ, ಅಡುಗೆ ಪುಸ್ತಕಗಳ ಕಪ್ಪಿಗೆ ಸರಿಸಮ. ನಿಮ್ಮನೆ ಪಾವೋ ಲೋಟವೋ ಬೇರೆಯೇ ಇದ್ದೀತು, ಈ ಎರಡು ನಿಮಿಷದ ಕೆಲಸ ಬಿಡಬೇಡಿ.

ಆಮೇಲೆ ಒಣ ಕಡಲೆ 200 ಗ್ರಾಂ ತೂಗಿದೆ, ತಲೆ ಸವರಿದರೆ ಹೆಚ್ಚೂಕಡಿಮೆ ಒಂದು ಪಾವು. ರಾತ್ರಿ ನೆನೆದು ಬೆಳಿಗ್ಗೆ 390 ಆಗಿತ್ತು. ಕುಕ್ಕರಿನಿಂದ ತೆಗೆದ ಕೂಡಲೇ ತೂಗಿದೆ, 480. ಇಷ್ಟೊಂದಾ ಅಂತ ಖುಷಿಪಟ್ಟೆ. ಆದರೆ ಅದರಲ್ಲಿ ಕಾಳಿಗಂಟಿದ ಕಟ್ಟೂ ಸೇರಿತ್ತು. ಜರಡಿಯಲ್ಲಿ ಹತ್ತು ನಿಮಿಷ ಬಸಿಯಲು ಬಿಟ್ಟಾಗ 430ಕ್ಕೆ ಇಳಿಯಿತು. ಈ ಹತ್ತು ನಿಮಿಷದಲ್ಲೇ ಮೋಸ ಇರುವುದು. ಒಬ್ಬರು ಬಸಿದು ತೂಗುತ್ತಾರೆ, ಇನ್ನೊಬ್ಬರು ಬಸಿಯದೆ, ಆಮೇಲೆ ಕಪ್ಪಿನ ಲೆಕ್ಕ ತಾಳೆಯಾಗುವುದಿಲ್ಲ. ಬಸಿದ ಕಾಳು ಒತ್ತದೆ ತುಂಬಿದರೆ ಪಾವಿಗೆ 165 ಗ್ರಾಂ ಬಂತು.

ಒಣ ಕಾಳಿನ ಪಾವು 200, ಬೆಂದದ್ದು 165. ಬೆಂದರೆ ಭಾರ ಹೆಚ್ಚಬೇಕಲ್ಲ ಅಂತ ಮೊದಲು ನನಗೂ ಗಲಿಬಿಲಿ. ಒಂದೊಂದು ಕಾಳೂ ಭಾರವಾಗಿದೆ ನಿಜ, ಆದರೆ ಊದಿಕೊಂಡಿದೆ, ಪಾವಿನೊಳಗೆ ಹಿಡಿಸುವ ಕಾಳುಗಳೇ ಕಡಿಮೆ. ಹೆಸರುಕಾಳು ಹಾಗಲ್ಲ. ಸಣ್ಣದು, ಮೆತ್ತಗೆ ಒಂದರ ಮೇಲೊಂದು ಕೂರುತ್ತದೆ, ಬೆಂದ ಪಾವು 200ರ ಹತ್ತಿರ ತೂಗುತ್ತದೆ. ರಾಜ್ಮಾ 175ರ ಆಸುಪಾಸು, ಅಲಸಂದೆ ಅದಕ್ಕಿಂತ ಚೂರು ಕಡಿಮೆ. ಕಾಳು ಒಡೆದು ಮುದ್ದೆಯಾದರೆ ಇದ್ಯಾವುದೂ ನಿಲ್ಲುವುದಿಲ್ಲ, ಆಗ ತೂಕವನ್ನೇ ನಂಬಬೇಕು. ಒಗ್ಗರಣೆ, ತೆಂಗಿನತುರಿ ಬಿದ್ದ ಮೇಲೆ ತೂಗಿ ಪ್ರಯೋಜನವಿಲ್ಲ.

ನ್ಯೂಜೆರ್ಸಿಯ ಮಗಳಿಗೂ ಇದೇ ಲೆಕ್ಕ ಕೊಟ್ಟೆ. ಅಲ್ಲಿ 425 ಗ್ರಾಮಿನ ಡಬ್ಬಿ ಅಂತ ಬರೆದಿದ್ದರೂ ನೀರು ಸುರಿದರೆ ಕಾಬೂಲಿ ಕಡಲೆ ಸಿಗುವುದು ಸುಮಾರು 250 ಗ್ರಾಂ, ಅಂದರೆ ಒಂದೂವರೆ ಕಪ್ಪು. ಒಣ ಕಾಳಾದರೆ 110 ಗ್ರಾಂ ನೆನೆಹಾಕು ಸಾಕು ಅಂದೆ. ಕಾಬೂಲಿ ನಮ್ಮ ಕಡಲೆಗಿಂತ ಸ್ವಲ್ಪ ಹೆಚ್ಚೇ ನೀರು ಕುಡಿಯುತ್ತದೆ, ಒಂದಕ್ಕೆ 2.3ರಷ್ಟಾಗುತ್ತದೆ. ಹಳೆಯ ಕಾಳಾದರೆ ಇನ್ನೂ ಬೇರೆ ಕಥೆ, ಕಲ್ಲಿನಂತೆ ಉಳಿದು ತೂಕವೂ ಏರದು.

ಈ ವರ್ಷ ದೊನ್ನೆಗೆ ಅರ್ಧ ಪಾವು ಅಂತಿಟ್ಟುಕೊಂಡೆ: 82 ಗ್ರಾಂ, ನಲವತ್ತಕ್ಕೆ 3.3 ಕಿಲೋ. 200 ಗ್ರಾಂ ಒಣ ಕಾಳು ಬಸಿದ ಮೇಲೆ 430 ಆಗಿತ್ತಲ್ಲ, ಅಂದರೆ ಒಂದಕ್ಕೆ 2.15; ಅದರಿಂದ ಭಾಗಿಸಿದರೆ ಒಣ ಕಡಲೆ ಒಂದೂವರೆ ಕಿಲೋಗೆ ಸ್ವಲ್ಪ ಮೇಲೆ. ತೂಗಿ ನೀರಿಗೆ ಹಾಕಿ ಈಚೆ ಬಂದೆ. ಅತ್ತೆ ಹಿಂದಿನಿಂದ ಹೋಗಿ ಇನ್ನೊಂದು ಹಿಡಿ ಸುರಿದರು. ಕೊಸರಂತೆ. ಬಂದವರೆಲ್ಲ ಹೋದ ಮೇಲೆ ಪಾತ್ರೆಯಲ್ಲಿ ಉಳಿದದ್ದು ಒಂದೇ ದೊನ್ನೆ, ಅದನ್ನು ನಾನೇ ತಿಂದೆ.